‘ಹಿಡಿ’ ಎಂದವನು ನಾನು

ಪುಟ್ಟೀ, ನೀನು ಕೋಣೆಯ ಬಾಗಿಲು ತೆಗೆಯುತ್ತಿಲ್ಲ, ಅದಕ್ಕೇ ಈ ಚೀಟಿ.

ಎದುರು ಮನೆ ದರ್ಜಿಯಮ್ಮನನ್ನೂ ಅವಳ ಮೊಲವನ್ನೂ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೊಲ ಬದುಕಿದೆ, ಹಿಂಗಾಲು ಮುರಿದಿದೆ.

ಗೇಟಿನ ಚಿಲಕ ನೀನು ಹಾಕಿಯೇ ಇದ್ದೆ. ತೆಗೆದವನು ನಾನು. ಹೊಲಿಗೆಗೆ ಕೊಡುವ ಬಟ್ಟೆಯ ಚೀಲವನ್ನು ಅವಳ ಕಡೆ ಚಾಚಿ, ‘ತಗೋಮ್ಮ, ಹಿಡಿ’ ಎಂದುಬಿಟ್ಟೆ. ನಮ್ಮದು ಬೇಟೆಗಾರನ ಮನೆಯಿಂದ ಬಂದ ನಾಯಿ, ಅದರ ಮುಂದೆ ಆ ಒಂದು ಮಾತು ಆಡಬೇಡ ಎಂದು ನೀನು ಎಷ್ಟು ಸಲ ಹೇಳಿದ್ದೆ! ‘ಸೋಫಾ ಬಿಟ್ಟೇಳದ ದೊರೆಗೆ ಬೇಟೆ ಎಲ್ಲಿ ನೆನಪಿರುತ್ತೆ, ಬಿಡೇ’ ಎಂದು ನಕ್ಕಿದ್ದೆ. ನೆನಪಿತ್ತು. ಬಾಣದ ಹಾಗೆ ಅವಳ ಅಂಗಳಕ್ಕೆ ನುಗ್ಗಿ ಮೊಲವನ್ನು ಹಿಡಿಯಿತು.

ಆಮೇಲೆ ಅವಳೆದುರೇ ನಿನ್ನನ್ನು ಬೈದೆ. ‘ಚಿಲಕ ಹಾಕಿದ್ದೆ ಅಪ್ಪಾ’ ಎಂದು ನೀನು ಅಳುತ್ತಿದ್ದರೂ, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಪಟ್ಟು ಹಿಡಿದೆ. ಈಗ ನಿಜಕ್ಕೂ ಮೂರೇ ಕಾಲೂರುವ ಮೊಲವನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಾಯುತ್ತಿದ್ದಾಳೆ. ನನಗೆ ಮುಖ ಎಲ್ಲಿಡಲಿ ಎನ್ನಿಸುತ್ತಿದೆ. ದಾರಿಯಲ್ಲಿ ಅವಳಿಗೆ ನಿಜ ಹೇಳುತ್ತೇನೆ.

ನಾಯಿ ಮಂಚದ ಕೆಳಗೆ ಸೇರಿಕೊಂಡಿದೆ. ಅದನ್ನು ಬೈಯಬೇಡ, ಹೇಳಿದ್ದನ್ನೇ ಮಾಡಿತು. ನೀರಿನ ಬಟ್ಟಲು ಹತ್ತಿರ ಸರಿಸು. ಮೊಟ್ಟೆ ಬೇಯಿಸಿಟ್ಟಿದ್ದೇನೆ, ನೀನೂ ತಿನ್ನು, ಅದಕ್ಕೂ ಒಂದು ಕೊಡು. ಕೊಡುವಾಗ ‘ತಗೋ’ ಅನ್ನು. ನಿನಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಗೊತ್ತು.

ನಾನು ಹೋದ ಮೇಲೆ ಗೇಟಿನ ಚಿಲಕ ಹಾಕಿಕೋ. ಹಾಕಿದ್ದೀಯಾ ಎಂದು ಬಂದು ಕೇಳುವುದಿಲ್ಲ.

ಅಪ್ಪ