ಮುಚ್ಚಳ ಹಿಡಿದ ಕೈ

ಡಿಸೆಂಬರ್ 3, ಮಂಗಳವಾರ

ಕೆಲಸ ಸಿಕ್ಕಿತು!!! ಮದುವೆಯಾಗಿ ಒಂಬತ್ತು ದಿನ, ಮಸ್ಕತ್‌ಗೆ ಬಂದು ನಾಲ್ಕು ದಿನ, ಆಗಲೇ ಕೆಲಸ! ನಂದನ್‌ಗೆ ಫೋನ್ ಮಾಡಿ ಕಿರುಚಿದೆ. ‘ಮೆಲ್ಲಗೇ, ಮೀಟಿಂಗಲ್ಲಿದೀನಿ’ ಅಂದ. ಪಾಪ.

ಖುರುಮ್‌ನಲ್ಲಿ ಪುಟ್ಟ ಆಫೀಸು. ಬಾಸ್ ಗ್ಲಾಡ್ವಿನ್ ಸರ್, ಮಂಗಳೂರಿನವರು. ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಮನೆಯಿಂದಲೇ ಮಾಡಬಹುದು. ನನ್ನ ಪಾಲಿಗೆ ಬಂದಿರುವುದು ಇಂಗ್ಲೆಂಡಿನ ಥಾರ್ನ್‌ಬೀ ಎಂಬ ಊರಿನ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಗಳು, 1951ರಿಂದ. ಟೈಪ್‌ರೈಟರಿನ ಕಾರ್ಬನ್ ಪ್ರತಿ, ಮಸುಕು ಮಸುಕು. ಮೆಷಿನ್‌ಗೆ ಓದಲು ಬರುವುದಿಲ್ಲ, ಹಿತಾಗೆ ಬರುತ್ತದೆ!

ಗ್ಲಾಡ್ವಿನ್ ಸರ್ ನನ್ನ ಮೆಹೆಂದಿ ನೋಡಿ, ‘ಈ ಕೈಯಲ್ಲಿ ಟೈಪ್ ಮಾಡ್ಲಿಕ್ಕೆ ಆಗ್ತದಾ ಮಾರಾಯ್ತಿ?’ ಅಂದರು. ಮತ್ತೆ ಸೀರಿಯಸ್ ಆಗಿ, ‘ಒಂದೇ ರೂಲ್. ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡುವುದು. ತಪ್ಪಿದ್ರೂ ತಿದ್ದುವ ಹಾಗಿಲ್ಲ.’

ಸಂಜೆ ಜಾಮೂನು ಮಾಡಿದೆ. ಒಡೆದು ಹೋದವು. ನಂದನ್ ಬಟ್ಟಲಿಗೆ ಬಾಯಿ ಹಚ್ಚಿ ಕುಡಿದ!

ಡಿಸೆಂಬರ್ 6, ಶುಕ್ರವಾರ

ರಜೆಯ ದಿನ, ಆದರೂ ನಂದನ್‌ಗೆ ರುಸೈಲ್‌ನಲ್ಲಿ ಕೆಲಸ. ನಾನೂ ಹೊರಟೆ. ಹನಿಮೂನ್ ಅಂದರೆ ಇದೇ! ಏಳು ಲೇಬರ್ ಕ್ಯಾಂಪುಗಳ ನೀರು, ಅಡುಗೆಮನೆ, ಟಾಯ್ಲೆಟ್ಟು — ಎಲ್ಲದರ ಶುಚಿ ಇವನೊಬ್ಬನ ತಲೆಯ ಮೇಲೆ. ಇವತ್ತು ನೋಡಿದ ಕ್ಯಾಂಪಿನಲ್ಲಿ ಮುನ್ನೂರು ಜನ. ಅಡುಗೆಮನೆಯ ಮೇಲೆ ದೊಡ್ಡ ನೀರಿನ ಟ್ಯಾಂಕು. ತಿಂಗಳಿಗೊಮ್ಮೆ ತೊಳೆಸಿ, ಮುಚ್ಚಳ ತೆರೆದು ಒಳಗಿನ ಫೋಟೋ ತೆಗೆದು ರಿಪೋರ್ಟಿಗೆ ಅಂಟಿಸಬೇಕು.

ಏಣಿ ಹತ್ತಿಬಿಟ್ಟೆ! ಚೂಡಿದಾರದಲ್ಲಿ! ‘ಒಂದ್ ಕೈ ಹಿಡ್ಕೊಳೇ, ಫೋಟೋ ತಗೋತೀನಿ’ ಅಂದ. ಮುಚ್ಚಳ ಎತ್ತಿ ಹಿಡಿದೆ. ಒಳಗೆ ನೀರು, ನೀರಿನಲ್ಲಿ ಆಕಾಶ.

ಕೆಳಗಿನಿಂದ ಕ್ಯಾಂಪಿನ ಅಡುಗೆಯವರು ಕೂಗಿದರು. ಶಹೀದ್, ಉಳ್ಳಾಲದವರು, ಇಲ್ಲಿ ಇಪ್ಪತ್ತೆರಡು ವರ್ಷ. ‘ಸಾರ್, ಮದುಮಗಳ ಕೈಯಲ್ಲಿ ಟ್ಯಾಂಕಿನ ಮುಚ್ಚಳ ಹಿಡಿಸ್ತೀರಾ? ನಾನೇನು ಸತ್ತಿದ್ದೇನಾ ಮಾರಾಯ್ರೆ!’

ಇಳಿದ ಮೇಲೆ ಹಾಲಿಲ್ಲದ ಸುಲೈಮಾನಿ ಚಹಾ, ಬಿಸಿ ಪತ್ತಿರಿ. ಅಕ್ಕಿ ರೊಟ್ಟಿಯ ತಂಗಿಯ ಹಾಗಿದೆ. ನಾಲ್ಕು ತಿಂದೆ.

‘ಆ ಮುಚ್ಚಳದ ಒಂದು ಮೂಲೆ ಹೋಗಿದೆ ಸಾರ್. ಪಾರಿವಾಳ ಬಂದು ಕೂತ್ಕೊಳ್ತದೆ. ಹೊಸತು ಹಾಕಿಸಿ.’

‘ಹಾಕ್ಸೋಣ ಶಹೀದ್. ಇನ್‌ಶಾ ಅಲ್ಲಾ.’

‘ನೀವು ಇನ್‌ಶಾ ಅಲ್ಲಾ ಹೇಳಿದ್ರೆ ನಮಗೆ ಭಯ ಆಗ್ತದೆ ಸಾರ್!’

ಕಾರಿನಲ್ಲಿ ಬರುವಾಗಲೂ ನಗು ನಿಲ್ಲಲಿಲ್ಲ.

ಡಿಸೆಂಬರ್ 19, ಗುರುವಾರ, ಮಧ್ಯಾಹ್ನ

1951 ಮುಗಿಯುತ್ತಾ ಬಂತು. ಎಷ್ಟು ಮಜಾ! ಆ ವರ್ಷ ಥಾರ್ನ್‌ಬೀಯಲ್ಲಿ ಕೊಂದ ಇಲಿಗಳು ಎರಡು ಸಾವಿರದ ನೂರ ಹದಿನಾಲ್ಕು. ಕೆಟ್ಟುಹೋದವೆಂದು ಹೂತ ಮೀನಿನ ಡಬ್ಬಿಗಳು ಇಷ್ಟು. ಹಿತ್ತಿಲ ಕಕ್ಕಸಿನ ಬದಲು ಮನೆಯೊಳಗೆ ಟಾಯ್ಲೆಟ್ ಬಂದ ಮನೆಗಳು ಅರವತ್ತು. ಇಂಗ್ಲೆಂಡು ಅಂದರೆ ಏನೇನೋ ಅಂದುಕೊಂಡಿದ್ದೆ. ಹನ್ನೊಂದು ಮನೆಗೆ ಒಂದೇ ನಲ್ಲಿ!

ನನ್ನ ಹೀರೋ ಮಿಸ್ಟರ್ ಪೆಲ್, ಸ್ಯಾನಿಟರಿ ಇನ್ಸ್‌ಪೆಕ್ಟರ್. ಕೂಲಿಗಳು ಬಾಡಿಗೆಗಿರುವ ಒಂದು ವಸತಿಗೃಹದ ಮಾಳಿಗೆಯ ನೀರಿನ ತೊಟ್ಟಿ ನೋಡಿ ಬರೆದಿದ್ದಾನೆ — ‘ಮುಚ್ಚಳ ಭದ್ರ. ನೀರು ತಿಳಿ. ಉಷ್ಣತೆ ನಲವತ್ತಾರು ಡಿಗ್ರಿ.’ (ಫ್ಯಾರನ್‌ಹೀಟ್! ನಮ್ಮ ಲೆಕ್ಕದಲ್ಲಿ ಎಂಟೇ.) ನಂದನ್‌ಗೆ ಓದಿ ಹೇಳಿದೆ. ‘ನಿನ್ನ ಅಣ್ಣ ಕಣೋ ಇವನು!’

ಜನವರಿ 8, ಬುಧವಾರ

ಮೆಹೆಂದಿ ಯಾವಾಗಲೋ ಪೂರ್ತಿ ಹೋಯಿತು. ಉಗುರಿನಲ್ಲಷ್ಟೇ ಕೆಂಪು. ಬೇಜಾರಾಯಿತು.

ಆದರೆ!!! ನಂದನ್ ಈ ತಿಂಗಳ ರಿಪೋರ್ಟಿನ ಸಾಲುಗಳನ್ನು ಸರಿಮಾಡಿಕೊಡು ಅಂತ ಕೊಟ್ಟ. ತೆರೆದರೆ ಫೋಟೋದಲ್ಲಿ ನನ್ನ ಕೈ! ಮಣಿಕಟ್ಟಿನ ಕಮಲ, ಬೆರಳಿನ ಬಳ್ಳಿ, ಮುರಿದ ಮೂಲೆಯ ಮುಚ್ಚಳ. ಆಫೀಸಿನ ಫೈಲಿನಲ್ಲಿ ಹೆಂಡತಿಯ ಕೈ ಇಟ್ಟುಕೊಂಡಿದ್ದಾನೆ. ಎಂಥ ರೊಮ್ಯಾಂಟಿಕ್! ಬಾಗಿಲಲ್ಲೇ ತಬ್ಬಿಕೊಂಡೆ. ‘ಏನಾಯ್ತೇ?’ ಅಂದ. ಹೇಳಲಿಲ್ಲ.

ಫೆಬ್ರವರಿ 11, ಮಂಗಳವಾರ

ಮತ್ತೆ ನನ್ನ ಕೈ! ಈ ತಿಂಗಳೂ! ‘ಲಕ್ಕಿ ಹ್ಯಾಂಡಾ?’ ಅಂತ ರೇಗಿಸಿದೆ. ನಂದನ್ ನಕ್ಕ. ಸ್ವಲ್ಪ ತಡವಾಗಿ ನಕ್ಕ.

1952 ಮುಗಿಸಿದೆ. ಮಿಸ್ಟರ್ ಪೆಲ್ ಮತ್ತೆ ಅದೇ ತೊಟ್ಟಿಗೆ ಹೋಗಿದ್ದಾನೆ. ಮುಚ್ಚಳ ಭದ್ರ. ನೀರು ತಿಳಿ. ನಲವತ್ತಾರು ಡಿಗ್ರಿ. ಎಷ್ಟು ಅಚ್ಚುಕಟ್ಟು ಮನುಷ್ಯ!

ಮಾರ್ಚ್ 13, ಗುರುವಾರ, ಮಧ್ಯಾಹ್ನ 3

1953. ನಲವತ್ತಾರು ಡಿಗ್ರಿ.

ಹಿಂದಿನ ಎರಡು ವರ್ಷದ ಪುಟ ತೆಗೆದು ಪಕ್ಕದಲ್ಲಿಟ್ಟೆ. 1951ರದು ಮಾರ್ಚ್. 1952ರದು ಆಗಸ್ಟ್. ಇದು ನವೆಂಬರ್. ಬೇಸಿಗೆಗೂ ಚಳಿಗೂ ನೀರು ಒಂದೇ ಡಿಗ್ರಿ? ಒಂದು ಪದವೂ ಬದಲಾಗಿಲ್ಲ.

ಗ್ಲಾಡ್ವಿನ್ ಸರ್‌ಗೆ ಫೋನ್ ಮಾಡಿದೆ. ‘ಇವನು ಮೇಲೆ ಹತ್ತಿಯೇ ಇಲ್ಲ ಸರ್. ಮೊದಲ ವರ್ಷದ್ದನ್ನೇ ಇಳಿಸಿದ್ದಾನೆ.’

‘ಎಂತ ಹಿತಾ! ಎಪ್ಪತ್ತು ವರ್ಷ ಆಯ್ತು. ಇನ್ನು ಅವನಿಗೆ ಮೆಮೋ ಕೊಡ್ಲಿಕ್ಕೆ ಉಂಟಾ? ಇದ್ದ ಹಾಗೆ ಟೈಪ್ ಮಾಡಿ.’

ಮಾಡಿದೆ.

ಚಹಾಕ್ಕೆ ನೀರು ಹಿಡಿಯುವಾಗ ಹಿಂದೆ ಯಾರೋ ತಮ್ಮ ಸರದಿಗೆ ಕಾದು ನಿಂತ ಹಾಗಾಯಿತು. ಪಾತ್ರೆ ತುಂಬಿ ಹರಿಯಿತು. ತಿರುಗಿ ನೋಡಿದೆ. ಬಿಸಿಲು, ಅಷ್ಟೇ.

ಮಾರ್ಚ್ 27, ಗುರುವಾರ

ಕ್ಯಾಂಪಿನ ಕೆಲಸಗಾರರನ್ನು ಕರೆಸಿಕೊಂಡ ದೊಡ್ಡ ಕಂಪನಿಯಿಂದ ಏಂಜೆಲಾ ಮೇಡಂ ಎಂಬುವರು ತಪಾಸಣೆಗೆ ಬರುತ್ತಾರಂತೆ. ನಾಲ್ಕು ತಿಂಗಳ ರಿಪೋರ್ಟು ಒಂದೇ ಫೈಲ್ ಮಾಡಿಕೊಡು ಅಂದ ನಂದನ್. ಕೂತೆ. ಡಿಸೆಂಬರ್. ಜನವರಿ. ಫೆಬ್ರವರಿ. ಮಾರ್ಚ್.

ನಾಲ್ಕು ಕೈ. ಒಂದರಲ್ಲಿ ಸ್ವಲ್ಪ ಕತ್ತರಿಸಿದ್ದಾನೆ, ಒಂದರಲ್ಲಿ ಬೆಳಕು ಹೆಚ್ಚಿಸಿದ್ದಾನೆ. ನಾಲ್ಕರಲ್ಲೂ ಮೆಹೆಂದಿ.

ನನ್ನ ಕೈ ಕೀಬೋರ್ಡಿನ ಮೇಲಿತ್ತು. ಬೋಳು.

ಮದುಮಗಳ ಬಣ್ಣ ಮೂರು ವಾರ ನಿಲ್ಲುತ್ತದೆ. ಇದು ಯಾರಿಗೆ ಗೊತ್ತಾಗುತ್ತದೆ? ನನಗೊಬ್ಬಳಿಗೆ. ನಾನೇ ತಬ್ಬಿಕೊಂಡೆ!

ಕೇಳಿದೆ. ಮೊದಲು ಸಿಟ್ಟು. ಆಮೇಲೆ ಸೋಫಾದಲ್ಲಿ ಕೂತು ಹೇಳಿದ — ‘ಬೇರೆ ಕ್ಯಾಂಪಲ್ಲಿ ಒಬ್ಬ ಬಿದ್ದ ಅಂತ ಜನವರಿಲಿ ಏಣಿಗಳನ್ನೆಲ್ಲ ತಗೊಂಡು ಹೋದ್ರು ಕಣೇ. ಈಗ ಹತ್ಬೇಕು ಅಂದ್ರೆ ಪರ್ಮಿಟ್ಟು, ಅದಕ್ಕೆ ಮೂರು ದಿನ, ಜೊತೆಗೊಬ್ಬ ಬೇಕು. ಏಳು ಕ್ಯಾಂಪು, ನಾನೊಬ್ಬ. ಎಲ್ಲರೂ ಹೀಗೇ ಮಾಡೋದು.’

‘ಮುಚ್ಚಳ?’

‘ಈದ್ ಮುಗೀಲಿ. ಪ್ರಾಮಿಸ್.’

ಫೈಲ್ ಮಾಡಿಕೊಟ್ಟೆ. ಪುಟದ ಸಂಖ್ಯೆ ಹಾಕಿದೆ. ಸಾಲು ಸರಿಮಾಡಿದೆ. ಇದ್ದದ್ದನ್ನು ಇದ್ದ ಹಾಗೆ.

ಏಪ್ರಿಲ್ 3, ಗುರುವಾರ

ಏಂಜೆಲಾ ಮೇಡಂ ‘ವೆರಿ ನೀಟ್ ಫೈಲ್’ ಅಂದರಂತೆ. ನಂದನ್ ಹಲ್ವ ತಂದ. ಡಬ್ಬಿ ತೆರೆದಿಲ್ಲ.

ಏಪ್ರಿಲ್ 15, ಮಂಗಳವಾರ

ಕ್ಯಾಂಪಿನಲ್ಲಿ ನಲವತ್ತೊಂದು ಜನಕ್ಕೆ ವಾಂತಿ, ಭೇದಿ, ಜ್ವರ. ಏಳು ಜನ ಆಸ್ಪತ್ರೆಯಲ್ಲಿ. ಒಬ್ಬರು ಐಸಿಯು. ನಂದನ್ ಬೆಳಿಗ್ಗೆ ಐದಕ್ಕೆ ಹೋದವನು ಊಟಕ್ಕೂ ಬರಲಿಲ್ಲ.

ಮೆಸೇಜ್ ಹಾಕಿದೆ: ಟ್ಯಾಂಕ್?

ಎರಡು ನೀಲಿ ಟಿಕ್, ಓದಿದ್ದಾನೆ.

ಏಪ್ರಿಲ್ 16, ಬುಧವಾರ, ಬೆಳಿಗ್ಗೆ 11

1954 ತೆರೆಯಬಾರದಿತ್ತು. ತೆರೆದೆ.

ಅದೇ ವಸತಿಗೃಹ. ಜೂನ್ ತಿಂಗಳು. ಹತ್ತೊಂಬತ್ತು ಜನಕ್ಕೆ ವಾಂತಿ, ಜ್ವರ. ಸತ್ತವರು ಮೂವರು. ಕಡೆಗೆ ಯಾರೋ ಏಣಿ ತಂದು ಮಾಳಿಗೆ ಹತ್ತಿದ್ದಾರೆ. ತೊಟ್ಟಿಗೆ ಮುಚ್ಚಳವೇ ಇಲ್ಲ. ನೀರಿನಲ್ಲಿ ಪಾರಿವಾಳಗಳು. ‘ಬಹಳ ಕಾಲದಿಂದ’ ಎಂದು ಬರೆದಿದ್ದಾರೆ.

ಸತ್ತವರಿಗೆ ಹೆಸರಿಲ್ಲ, ಬರೀ ಸಂಖ್ಯೆ. ಮೂರನೆಯದು — ಹೆಣ್ಣು, ಇಪ್ಪತ್ತನಾಲ್ಕು ವರ್ಷ, ಹೊಸದಾಗಿ ಮದುವೆಯಾದವಳು. ಗಂಡನ ಜೊತೆ ಇರಲು ಬಂದವಳು. ಸೋಂಕು ಎಲ್ಲಿ ತಗಲಿತೆಂದು ಲೆಕ್ಕ ಹಾಕಲು ಡಾಕ್ಟರ್ ಅವಳು ಊರಿಗೆ ಬಂದ ದಿನವನ್ನೂ ಬರೆದಿದ್ದಾನೆ: ಶನಿವಾರ, ನಾಲ್ಕು ಹತ್ತರ ರೈಲು. ಒಂಬತ್ತನೆಯ ದಿನ ಸತ್ತಳು.

ನನಗೂ ಇಪ್ಪತ್ತನಾಲ್ಕು.

ಅವಳು ಆ ಶನಿವಾರ ಬಂದ ಕೂಡಲೇ ಏನು ಮಾಡಿರಬಹುದು? ಚಹಾಕ್ಕೆ ನೀರಿಟ್ಟಿರುತ್ತಾಳೆ. ಅಷ್ಟೇ ತಾನೇ ನಾವು ಮಾಡುವುದು. ಹೊಸ ಮನೆ, ಗಂಡನಿಗೆ ಚಹಾ.

ಅಡುಗೆಮನೆಗೆ ಹೋಗಲಾಗುತ್ತಿಲ್ಲ. ಹಗಲು ಹನ್ನೊಂದು ಗಂಟೆ. ಅಲ್ಲಿ ನಲ್ಲಿಯ ಪಕ್ಕ ಅವಳು ನಿಂತಿದ್ದಾಳೆ ಎಂದಲ್ಲ. ನಿಂತಿರುವುದಕ್ಕೆ ಜಾಗ ಬಿಟ್ಟಿದೆ ಎಂದು... ಹೇಗೆ ಬರೆಯುವುದು ಗೊತ್ತಿಲ್ಲ.

ಏಪ್ರಿಲ್ 20, ಭಾನುವಾರ

ಐಸಿಯುನಲ್ಲಿದ್ದವರು ತೀರಿಕೊಂಡರು. ಬಿಹಾರದವರಂತೆ. ಹೆಸರು ಕೇಳಿದೆ. ನಂದನ್‌ಗೆ ಗೊತ್ತಿರಲಿಲ್ಲ. ನಂಬರ್ ಗೊತ್ತಿತ್ತು.

ಕಂಪನಿಯ ತೀರ್ಮಾನ: ತಪ್ಪು ಅಡುಗೆಯವರದು. ಕೋಳಿ ಸರಿಯಾಗಿ ಬೆಂದಿರಲಿಲ್ಲ. ಟ್ಯಾಂಕಿನ ಫೈಲು ನೀಟಾಗಿದೆಯಲ್ಲ! ಶಹೀದ್‌ಗೆ ಬುಧವಾರದ ಟಿಕೆಟ್. ವೀಸಾ ಕ್ಯಾನ್ಸಲ್. ಮತ್ತೆ ಬರುವ ಹಾಗಿಲ್ಲ.

ಫೋನ್ ಮಾಡಿದೆ. ‘ನಾನು ಇಪ್ಪತ್ತೆರಡು ವರ್ಷದಿಂದ ಕೋಳಿ ಬೇಯಿಸ್ತಾ ಇದ್ದೇನೆ ಅಕ್ಕ. ಬೆಂದದ್ದು ಗೊತ್ತಾಗುದಿಲ್ವಾ ನನಗೆ? ಹೋಗ್ಲಿ, ಖಲಾಸ್. ಆದ್ರೆ ಊರಲ್ಲಿ ಎಂತ ಹೇಳುದು? ಅವನ ಅನ್ನ ತಿಂದು ಜನ ಸತ್ತ್ರು ಅಂತ ಹೇಳ್ತಾರೆ. ಅದೊಂದು ಹೊತ್ಕೊಂಡು ಹೇಗೆ ಹೋಗುದು, ಹೇಳಿ.’

ಫೋನ್ ಇಡುವ ಮುಂಚೆ ಹೇಳಿದರು — ‘ನೀರಿಗೆ ವಾಸನೆ ಉಂಟು ಅಂತ ಸಾರ್‌ಗೆ ಎರಡು ಸಲ ಹೇಳಿದ್ದೆ. ಅವರನ್ನು ಬೈಬೇಡಿ ಅಕ್ಕ. ಒಳ್ಳೆ ಮನುಷ್ಯ.’

ಎರಡು ಸಲ.

ಈಗಲೂ ಅದೇ ಟ್ಯಾಂಕಿನ ನೀರೇ ಬಳಸುತ್ತಿದ್ದಾರೆ. ಮುನ್ನೂರು ಜನ.

ಏಪ್ರಿಲ್ 21, ಸೋಮವಾರ, ಬೆಳಿಗ್ಗೆ 8

ತಿಂಡಿಯ ಹೊತ್ತಿಗೆ ಹೇಳಿದೆ. ‘ಹತ್ತು ಗಂಟೆಗೆ ಏಂಜೆಲಾ ಮೇಡಂಗೆ ಬರೀತೀನಿ. ಅದಕ್ಕೆ ಮುಂಚೆ ನೀನೇ ಬರೆದ್ರೆ ಒಳ್ಳೇದು.’

‘ನನ್ನ ಕೆಲಸ ಹೋಗುತ್ತೆ. ಕೇಸ್ ಆಗ್ಬೋದು. ನಿನ್ನ ವೀಸಾ ನನ್ನ ಮೇಲಿದೆ, ಗೊತ್ತಾ?’

‘ಗೊತ್ತು.’

‘ಐದು ತಿಂಗಳಾಗಿದೆ ಕಣೇ ಮದ್ವೆ ಆಗಿ.’

‘ಅದೂ ಗೊತ್ತು ನಂದನ್.’

ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಕಾರಿನ ಕೀ ತೆಗೆದುಕೊಂಡು ಹೋದ. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು.

10.20

ಅವನಿಂದ ಏನೂ ಬರಲಿಲ್ಲ. ಕಳಿಸಿದೆ. ಡಿಸೆಂಬರ್ 6ರ ಮೂಲ ಫೋಟೋ, ತಾರೀಖಿನ ಸಮೇತ. ನಾಲ್ಕು ರಿಪೋರ್ಟು. ಈಗಿನ ನನ್ನ ಕೈಯ ಫೋಟೋ. ಕೆಳಗೆ ಬರೆದೆ — ಮುಚ್ಚಳ ಹಿಡಿದವಳು ನಾನು. ಫೈಲ್ ಜೋಡಿಸಿದವಳೂ ನಾನೇ. ಗೊತ್ತಿದ್ದೂ ಜೋಡಿಸಿದೆ.

12.05

ನಂದನ್ ಫೋನ್. ಹಿಂದೆ ಗಾಳಿಯ ಸದ್ದು. ಎಲ್ಲಿಂದಲೋ ಏಣಿ ತಂದು ಒಬ್ಬನೇ ಹತ್ತಿದ್ದಾನೆ.

‘ನಾಲ್ಕಿದಾವೆ’ ಅಂದ. ‘ಒಂದು ಈಗಷ್ಟೇ ಸತ್ತಿರೋದು.’ ಏಣಿ ಇಳಿಯುವ ಸದ್ದು. ‘ವಾಲ್ವ್ ಮುಚ್ಚಿದೀನಿ. ಟ್ಯಾಂಕರ್ ನೀರು ಕರೆಸ್ದೆ. ನೀನು ಕಳಿಸಿಬಿಟ್ಯಾ?’

‘ಹೂಂ.’

‘ಸರಿ.’

ಏಪ್ರಿಲ್ 24, ಗುರುವಾರ

ಶಹೀದ್ ಅವರ ಟಿಕೆಟ್ ರದ್ದು. ಫೋನಿನಲ್ಲಿ ಅತ್ತರು, ಆಮೇಲೆ ಪತ್ತಿರಿ ಕಳಿಸಲಾ ಅಂತ ಕೇಳಿದರು. ಕಳಿಸಿ ಅಂದೆ.

ನಂದನ್ ಸಸ್ಪೆಂಡ್. ವಿಚಾರಣೆ ಮುಗಿಯುವ ತನಕ ದೇಶ ಬಿಡುವ ಹಾಗಿಲ್ಲ. ಮನೆ ಕಂಪನಿಯದು, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅವನು ಸ್ನೇಹಿತನ ರೂಮಿಗೆ. ನಾನು ಮೈಸೂರಿಗೆ.

ಇವತ್ತು ಸೂಟ್‌ಕೇಸ್ ಮುಚ್ಚುವಾಗ ನಂದನ್ ಪಕ್ಕದಲ್ಲಿ ಬಂದು ಕೂತ. ‘ಕೈ ಕೊಡು’ ಅಂದ. ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. ಮಣಿಕಟ್ಟಿನಲ್ಲಿ ಕಮಲ ಇದ್ದ ಜಾಗದ ಮೇಲೆ ಹೆಬ್ಬೆರಳು ಇಟ್ಟ. ಮೆಲ್ಲಗೆ ವಾಪಸ್ ಇಟ್ಟ, ತನ್ನದಲ್ಲದ ವಸ್ತು ಇಡುವ ಹಾಗೆ.

1954ರ ಕೊನೆಯ ಪುಟ ಗ್ಲಾಡ್ವಿನ್ ಸರ್‌ಗೆ ಕಳಿಸಿದೆ. ಮಿಸ್ಟರ್ ಪೆಲ್ ಏನಾದ ಎಂದು ವರದಿಯಲ್ಲಿಲ್ಲ. ಸತ್ತ ಆ ಮದುಮಗಳ ಗಂಡ ಏನಾದ ಎಂದೂ ಇಲ್ಲ.

ಏಜೆಂಟ್ ಮೊದಲು ಶನಿವಾರದ ಫ್ಲೈಟ್ ಹೇಳಿದ. ಬೇಡ ಅಂದೆ. ಯಾಕೆ ಮೇಡಂ, ಅದೇ ಸೀದಾ ಅಲ್ವಾ ಅಂದ. ಅವಳು ಬಂದದ್ದು ಶನಿವಾರ. ಬೇಡ.

ರಾತ್ರಿ ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟು, ಎರಡು ಲೋಟ ನೀರು ಹಿಡಿದೆ. ಒಂದನ್ನು ನಾನು ಕುಡಿದೆ. ಇನ್ನೊಂದನ್ನು ಅವಳಿಗೆ ಅಲ್ಲೇ ಬಿಟ್ಟೆ. ಮೇಲೆ ತಟ್ಟೆ ಮುಚ್ಚಿ.

ಅಮ್ಮನಿಗೆ ಮೆಸೇಜ್ ಮಾಡಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಒಂದೂ ಸುಳ್ಳಿರಬಾರದು.

ಅಮ್ಮಾ, ನಾನು ಬರ್ತಿದೀನಿ. ಒಬ್ಬಳೇ. ನಂದನ್ ಚೆನ್ನಾಗಿದಾನೆ ಅಂತ ಬರೆಯೋಕಾಗಲ್ಲ. ನಾನೂ. ಏನಾಯ್ತು ಅಂತ ಮನೆಗೆ ಬಂದು ಹೇಳ್ತೀನಿ, ಪೂರ್ತಿ, ಇದ್ದದ್ದು ಇದ್ದ ಹಾಗೆ. ಸ್ಟೇಷನ್ನಿಗೆ ಅಪ್ಪನ್ನ ಕಳಿಸು. ಭಾನುವಾರ, ಒಡೆಯರ್ ಎಕ್ಸ್‌ಪ್ರೆಸ್—

ದಿನ, ರೈಲು; ಇನ್ನು ಗಂಟೆಯನ್ನೂ ಬರೆದರೆ ಇದು ಅವಳದೇ ಸಾಲು.