ಗುಂಡಿ ಡಬ್ಬಿಯ ಮುಚ್ಚಳ

ಅಮ್ಮಾ,

ಬಹುಮಾನದ ದಿನ ಹಾಕುವ ಕೋಟಿಗೆ ಒಂದು ಗುಂಡಿ ಕಳಿಸು ಅಂದರೆ ಹಳೆಯ ಡಬ್ಬಿಯನ್ನೇ ಕಳಿಸಿಬಿಟ್ಟೆಯಲ್ಲ! ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಂಪು ದೋಣಿ, ವಾಲಿದ ದೀಪಸ್ತಂಭ, ಅದರ ತುದಿಯಲ್ಲಿ ಕಪ್ಪು ಹುಂಜ. ನಾನು ಬಿಡಿಸಿ ಬಹುಮಾನ ಗೆದ್ದಿರುವ ಚಿತ್ರ ಅದೇ!

"ಇದೆಲ್ಲಾ ಎಲ್ಲಿಂದ ಹೊಳೀತಮ್ಮಾ?" ಎಂದು ತೀರ್ಪುಗಾರರು ಕೇಳಿದಾಗ, "ನನ್ನ ತಲೇಲೇ ಹುಟ್ಟಿದ್ದು" ಎಂದು ಜಂಬ ಕೊಚ್ಚಿಕೊಂಡಿದ್ದೆ. ನಿನ್ನಾಣೆಗೂ ಈ ಡಬ್ಬಿಯ ನೆನಪೇ ಇರಲಿಲ್ಲ.

ಅವರು ಬಾಯ್ತುಂಬ ಹೊಗಳಿದ್ದು ಆಕಾಶವನ್ನು ಸೀಳುವ ಬಿಳಿ ಗೆರೆಯನ್ನು. ಅದೂ ಮುಚ್ಚಳದ ಮೇಲಿದೆ, ಯಾರೋ ಮೊಳೆಯಿಂದ ಗೀಚಿದ್ದು.

ಬಹುಮಾನ ಬೇಡವೆಂದು ಅವರಿಗೆ ಬರೆದಿದ್ದೇನೆ. ನೀನು ಒಂದೇ ಒಂದು ವಿಷಯ ಹೇಳು. ಮುಚ್ಚಳ ಗೀಚಿದ್ದಕ್ಕೆ ನೀನು ಅವತ್ತು ಬಾರಿಸಿದ್ದು ಅಕ್ಕನಿಗೋ, ನನಗೋ?

ನನಗೇ ಆಗಿರಲಿ. ಆ ಗೆರೆಯಾದರೂ ನನ್ನದಾಗುತ್ತದೆ.

ನಿನ್ನ ಚಿಕ್ಕವಳು