ಪೂರ್ವಪಕ್ಷದಲ್ಲಿ ಬಿಟ್ಟ ಮಾತು

ಶ್ರೀ

ಆದೋನಿ, ಆಂಧ್ರಪ್ರದೇಶ
20 ಸೆಪ್ಟೆಂಬರ್ 2024

ಚಿ. ಶರ್ವಾಣಿಗೆ ಆಶೀರ್ವಾದ.

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ನಿನ್ನ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟವನು ನಾನೇ, ಅಮ್ಮನನ್ನು ಬೈಯಬೇಡ. ಮಾತಾಡಿದರೆ ಬಾಯಿಗೆ ಬಂದದ್ದು ಅಂದುಬಿಟ್ಟೇನು ಎಂದು ಕಾಗದ ಬರೆಯುತ್ತಿದ್ದೇನೆ.

ನಾನು ಕನ್ನಡ ಕಲಿಸುವ ಹಳ್ಳಿ ಶಾಲೆಯನ್ನು ಇಂಗ್ಲಿಷ್ ಮೀಡಿಯಂ ಮಾಡಬೇಕೆಂದು ಆಡಳಿತ ಮಂಡಳಿಯವರು ಹೊರಟಿರುವುದು ನಿನಗೆ ಗೊತ್ತಿದೆ. ಹತ್ತನೇ ತರಗತಿಯವರೆಗೆ ನನ್ನ ಜೊತೆ ಪೆದ್ದಹರಿವಾಣದ ಬಸ್ಸು ಹತ್ತಿ ಹೋಗಿ ನೀನೂ ಓದಿದ ಶಾಲೆ ಅದು. ಮೊನ್ನೆ ಪೋಷಕರ ಸಭೆಯಲ್ಲಿ, ಇದು ಬೇಡವೆಂದು ನಾನು ಹೇಳಿ ಕೂತೆ. ಜನ ಹೌದೆಂದು ತಲೆ ಆಡಿಸಿದರು. ಆಗ ಮಂಡಳಿಯ ಕಾರ್ಯದರ್ಶಿ ಮೊಬೈಲು ತೆಗೆದು ನಿನ್ನ ಇಂಗ್ಲಿಷ್ ಲೇಖನ ಓದಿ, ತೆಲುಗಿನಲ್ಲಿ ಅರ್ಥ ಹೇಳಿದರು. ಕನ್ನಡದಲ್ಲಿ ಓದಿದ ಹಳ್ಳಿ ಮಕ್ಕಳು ಕಾಲೇಜಿಗೆ ಹೋದಾಗ ಮೂಕರಾಗುತ್ತಾರೆ, ಇಂಥ ಶಾಲೆ ನಡೆಸುವುದು ಆ ಮಕ್ಕಳಿಗೆ ಮಾಡುವ ಮೋಸ ಎಂದು ನೀನು ಬರೆದಿದ್ದೀಯಂತೆ. ಎಂಟನೇ ತರಗತಿಯ ಹಾರಿಕಾಳ ತಾಯಿ ಹುಸೇನಮ್ಮ ಎದ್ದು ನಿಂತಳು. "ನಿಮ್ಮ ಮಗಳೇ ಹಿಂಗ ಬರದಾಳಂದ್ರ, ನಮ್ಮ ಹಾರಿಕಾನ್ನ ಇನ್ನಾ ಯಾಕ ಕನ್ನಡದಾಗೇ ಕೂಡಸ್ಬೇಕ್ರಿ ಸಾರ್?" ಎಂದಳು.

ನಂಬಲಾರದೆ ಮನೆಗೆ ಬಂದು ನಿನ್ನ ತಮ್ಮ ಸುಯಮೀಂದ್ರನಿಂದ ಓದಿಸಿದೆ. ನನ್ನ ಇಂಗ್ಲಿಷ್ ನಿನಗೆ ಗೊತ್ತಿದ್ದದ್ದೇ. ಅವನು ಪಟಪಟನೆ ಓದಿ ಅರ್ಥ ಹೇಳಿದ. ಅದೇ ಮಾತು, ನಿನ್ನದೇ ಹೆಸರು. ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ, ನನ್ನ ಮಗಳೇ ಎಣಿಸಿಯಾಳೆಂದು ತಿಳಿದಿರಲಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದ ಮೇಲಿನ ಭಾನುವಾರ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರೆ. ನಾನು ಹೋಗುವುದಿಲ್ಲ. ಯಾವ ಮುಖ ಹೊತ್ತು ಹೋಗಲಿ? ನೀನು ದಸರೆಗೆ ಬರುವುದೂ ಬೇಡ.

ಸುಜಯೀಂದ್ರ
(ನಿನ್ನ ತಂದೆ ಎಂದು ಬರೆಯಲು ಈ ದಿನ ಕೈ ಬರಲಿಲ್ಲ.)

*

ಹೈದರಾಬಾದ್
27 ಸೆಪ್ಟೆಂಬರ್ 2024

ತೀರ್ಥರೂಪ ಅಪ್ಪನಿಗೆ ನಮಸ್ಕಾರ.

ನಮಸ್ಕಾರವೇನೋ ಮಾಡಿದ್ದೇನೆ, ಸಿಟ್ಟು ಮಾತ್ರ ಇಳಿದಿಲ್ಲ. ಕಾರ್ಯದರ್ಶಿಯ ಮೇಲಿನ ಸಿಟ್ಟಲ್ಲ, ನಿಮ್ಮ ಮೇಲಿನದು.

ಅಪ್ಪ, ನೀವು ಓದಿಸಿ ಕೇಳಿದ್ದು ಪೂರ್ವಪಕ್ಷ! ಲೋಕದಲ್ಲಿ ಯಾರಿಗೂ ಗೊತ್ತಾಗದಿದ್ದರೂ ನಿಮಗೆ ಗೊತ್ತಾಗಬೇಡವೇ? ಖಂಡಿಸುವ ಮೊದಲು ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ನಾವೇ ಹೇಳಬೇಕು, ಹೌದು ಇದೇ ನನ್ನ ಮಾತು ಎಂದು ಅವನು ತಲೆದೂಗಬೇಕು, ನಮ್ಮ ಸಿದ್ಧಾಂತ ಆಮೇಲೆ ಎಂದು ಕಲಿಸಿದವರು ಯಾರು? ಸಿನಿಮಾಕ್ಕೆ ಹೋಗುತ್ತೇನೆಂದರೆ, ಯಾಕೆ ಹೋಗಬಾರದೆಂದು ಮೊದಲು ಅಮ್ಮನ ಪರವಾಗಿ ವಾದಿಸು ಎನ್ನುತ್ತಿದ್ದಿರಿ. ನಾನು ಅದೆಷ್ಟು ಚೆನ್ನಾಗಿ ವಾದಿಸುತ್ತಿದ್ದೆನೆಂದರೆ, ಎಷ್ಟೋ ಸಲ ಸಿನಿಮಾವೇ ತಪ್ಪಿಹೋಯಿತು. ಅಂಥ ಮನೆಯಲ್ಲಿ ಬೆಳೆದವಳು ಇಂಗ್ಲಿಷಿನಲ್ಲಿ ಬರೆದರೂ ಹಾಗೆಯೇ ಬರೆಯುತ್ತಾಳೆ.

ಇಲ್ಲಿ ಎಂ.ಎ.ಯವರಿಗೆಲ್ಲ ಪ್ರಬಂಧ ಬರೆಯುವುದಕ್ಕೆ, ಚರ್ಚೆ ಮಾಡುವುದಕ್ಕೆ ಬೇರೆಯೇ ಇಂಗ್ಲಿಷ್ ತರಗತಿ ಇದೆ. ಅದರಲ್ಲಿ ಪಾಸಾಗದಿದ್ದರೆ ಪದವಿ ಇಲ್ಲ. ಹೋದ ವರ್ಷ ನಾನು ಅಲ್ಲಿ ಪಟ್ಟ ಪಾಡನ್ನು ನಿಮಗೆ ಬರೆಯಲಿಲ್ಲ. ಹೇಳಬೇಕಾದದ್ದನ್ನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಕಟ್ಟಿಕೊಳ್ಳುವಷ್ಟರಲ್ಲಿ ಚರ್ಚೆ ಬೇರೆಲ್ಲಿಗೋ ಹೋಗಿರುತ್ತಿತ್ತು. ನೀರು ಕುಡಿಯುವ ನೆವ ಮಾಡಿ ಎದ್ದು ಹೋಗುತ್ತಿದ್ದೆ. ಒಂದು ದಿನ ಪಕ್ಕದವಳು, ನಿನಗೆ ಮಾತಾಡುವುದಕ್ಕೇ ಬರುವುದಿಲ್ಲವಾ ಎಂದು ತೆಲುಗಿನಲ್ಲಿ ಕೇಳಿದಳು. ಹಾಸ್ಟೆಲಿಗೆ ಬಂದು ಅತ್ತೆ. ಮೂಕರಾಗುತ್ತಾರೆ ಎಂಬ ಆ ಮಾತು ನಾನು ಯಾವ ಪುಸ್ತಕದಿಂದಲೂ ತಂದದ್ದಲ್ಲ.

ಆ ತರಗತಿಗಾಗಿಯೇ ಈ ಪ್ರಬಂಧ ಬರೆದದ್ದು. ವಿಜಯಶ್ರೀ ಮೇಡಂ ಓದಿ, ಚೆನ್ನಾಗಿದೆ, ಆದರೆ ಇಂಗ್ಲಿಷಿನಲ್ಲಿ ನಿನ್ನ ನಿಲುವನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಕು, ಓದುವವರಿಗೆ ಅಷ್ಟು ತಾಳ್ಮೆಯಿಲ್ಲ ಎಂದರು. ಎದುರಿನವರ ಮಾತು ಪೂರ್ತಿ ಕೇಳದೆ ನಿಲುವು ಹೇಳಿದರೆ ಅದು ಹಟ ಎಂದು ನಾನು ಅಂದೆ. ಅವರು ನಕ್ಕರು. ನಕ್ಕು, ಒಳ್ಳೆಯ ಬರವಣಿಗೆಗೆ ಮಾದರಿಯೆಂದು ಮೊದಲ ಎರಡು ಪುಟಗಳನ್ನು ವಿಭಾಗದ ವೆಬ್‌ಸೈಟಿಗೆ ಹಾಕಿಸಿದರು. ಅಲ್ಲಿ ಎರಡೇ ಪುಟಕ್ಕೆ ಜಾಗವಂತೆ! ಎರಡನೇ ಪುಟ ಮುಗಿಯುವಾಗ ನಾನಿನ್ನೂ ನನ್ನ ಮಾತು ಶುರುವೇ ಮಾಡಿರಲಿಲ್ಲ. ನಿಮ್ಮ ಕಾಗದ ಬಂದ ದಿನವೇ ಹೋಗಿ ಅವರೊಡನೆ ಜಗಳವಾಡಿ ತೆಗೆಸಿದೆ. ಅವರು ಪಾಪ ಕ್ಷಮೆ ಕೇಳಿದರು. ಅಷ್ಟರಲ್ಲಿ ಕಾರ್ಯದರ್ಶಿಗೆ ಬೇಕಾದದ್ದು ಸಿಕ್ಕಾಗಿತ್ತು.

ಅವರಿಗೆ ಅರ್ಧ ಓದುವುದರಲ್ಲಿ ಲಾಭವಿದೆ. ನಿಮಗೇನಿತ್ತು ಅಪ್ಪ? ನನ್ನ ಶರ್ವಾಣಿ ಹೀಗೆ ಬರೆದಾಳೇ ಎಂದು ಒಮ್ಮೆ ಅನ್ನಿಸಲಿಲ್ಲವೇ? ಕಳ್ಳನಿಗೂ ಯಾಕೆ ಕದ್ದೆ ಎಂದು ಕೇಳುತ್ತಾರೆ. ನನಗೆ ಅಷ್ಟೂ ಇಲ್ಲದೆ ದಸರೆಗೆ ಬರಬೇಡ ಎಂದುಬಿಟ್ಟಿರಿ. ಆ ಸಾಲು ಓದಿದಾಗಿನಿಂದ ಊಟ ಸೇರುತ್ತಿಲ್ಲ.

ಉಳಿದ ಪುಟಗಳನ್ನು ಇದರ ಜೊತೆ ಇಟ್ಟಿದ್ದೇನೆ. ಯೋಚಿಸುವುದನ್ನು ನಾನು ಕಲಿತದ್ದು ಆ ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲಿ. ಇಂಗ್ಲಿಷ್ ಅದರ ಮೇಲೆ ಬಂದು ಕೂತಿತು. ತಡವಾಗಿ ಕೂತಿತು, ಅಳಿಸಿ ಕೂತಿತು, ಆದರೂ ಕೂತಿತು. ಇಂಗ್ಲಿಷನ್ನು ಇಂಗ್ಲಿಷಾಗಿ ಚೆನ್ನಾಗಿ ಕಲಿಸಿ, ಅದಕ್ಕೆ ಒಳ್ಳೆಯ ಟೀಚರನ್ನು ತನ್ನಿ, ಉಳಿದ ಪಾಠಗಳನ್ನು ಮಕ್ಕಳಿಗೆ ತಿಳಿಯುವ ಮಾತಿನಲ್ಲಿಡಿ ಎಂದು ಬರೆದಿದ್ದೇನೆ. ಓದಿಸಿಕೊಳ್ಳಿ. ಈ ಸಲ ಕೊನೆಯವರೆಗೆ.

ಭಾನುವಾರದ ಸಭೆಗೆ ನಾನು ಬರುತ್ತೇನೆ. ನೀವು ಬೇಡವೆಂದರೂ ಬರುತ್ತೇನೆ. ಕಾರ್ಯದರ್ಶಿ ಓದಿದ ಇಂಗ್ಲಿಷಿನಲ್ಲೇ ಮಿಕ್ಕಿದ್ದನ್ನು ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತೇನೆ. "ಪೂರಾ ಕೇಳಿ ಆಮ್ಯಾಲ ಕೈ ಎತ್ತು ಹುಸೇನಮ್ಮಕ್ಕ" ಎನ್ನುತ್ತೇನೆ. ನೀವು ಬಂದು ಮುಂದಿನ ಬೆಂಚಿನಲ್ಲಿ ಕೂಡಬೇಕು.

ನಿಮ್ಮ ಮಗಳು (ಬರೆಯಲು ನನಗೆ ಕೈ ಬಂತು),
ಶರ್ವಾಣಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಎದುರಿನವರ ಎಲ್ಲಕ್ಕಿಂತ ಬಲವಾದ ಮಾತನ್ನು ಬಚ್ಚಿಟ್ಟು ಗೆದ್ದರೆ ಅದು ಗೆಲುವಲ್ಲ ಎಂದು ನೀವೇ ಹೇಳಿದ್ದು. ನನ್ನ ಪೂರ್ವಪಕ್ಷದಲ್ಲಿ ಅಂಥ ಒಂದು ಮಾತನ್ನು ಬಿಟ್ಟಿದ್ದೇನೆ, ನಿಮ್ಮ ಮಾನ ಹೋದೀತೆಂದು. ಕನ್ನಡ ಶಾಲೆ ಉಳಿಯಲಿ ಎನ್ನುವ ಮೇಷ್ಟ್ರು ಮಗಳನ್ನು ಕನ್ನಡಕ್ಕೆ ಹಾಕಿ, ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ಯಾಕೆ? ಸುಯಮೀಂದ್ರನ ಸ್ಕೂಲ್ ವ್ಯಾನು ಆದೋನಿಯ ನಮ್ಮ ಬಾಗಿಲಲ್ಲಿ ನಿಲ್ಲುವುದು ಹಳ್ಳಿಯವರಿಗೆ ಕಂಡಿಲ್ಲ. ಇಂದಲ್ಲ ನಾಳೆ ಹುಸೇನಮ್ಮ ಕೇಳಿಯೇ ಕೇಳುತ್ತಾಳೆ. ಅದಕ್ಕೆ ನನ್ನ ಸಿದ್ಧಾಂತದಲ್ಲಿ ಉತ್ತರವಿಲ್ಲ. ನಿಮ್ಮಲ್ಲಿದ್ದರೆ ಅವಳಿಗಿಂತ ಮೊದಲು ನನಗೆ ಹೇಳಿ. ದಿನಾ ಬೆಳಿಗ್ಗೆ ಆ ವ್ಯಾನಿಗೆ ಟಾಟಾ ಮಾಡಿ ನಿಮ್ಮ ಜೊತೆ ಬಸ್ಸಿಗೆ ನಡೆದವಳು ನಾನು.